ಆಗುಂಬೆ ಘಾಟಿ ಇಳಿಯುವಾಗ ಎಂಜಿನ್ ಆಫ್ ಆಗ್ತಿದೆ, ಐಡ್ಲಿಂಗ್ ವಾಲ್ವ್ ಬದಲಿಸಿದರೂ ಸರಿಹೋಗಿಲ್ಲ

ತುಂಗಾತೀರ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಪೆಟ್ರೋಲ್ ಕಾರು. ಮೂರು ಸಿಲಿಂಡರ್, 800 ಸಿಸಿ, ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಕೊಡುವ ಬಗೆ). 1 ಲಕ್ಷ 12 ಸಾವಿರ ಕಿ.ಮೀ. ಓಡಿದೆ. ತೀರ್ಥಹಳ್ಳಿಯಿಂದ ತಿಂಗಳಿಗೆ ಎರಡು ಸಲ ಅಮ್ಮನನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಹೋಗಿಬರುವುದು ಆಗುಂಬೆ ಘಾಟಿಯಲ್ಲೇ.

ಮಳೆಗಾಲ ಶುರುವಾದಾಗಿನಿಂದ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ಎಕ್ಸಲೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಕುಸಿಯುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತೆ, ಎ.ಸಿ. ಹಾಕಿದರೆ ನಿಂತೇ ಹೋಗುತ್ತೆ. ಗ್ಯಾರೇಜ್‌ನವರು ಮೊದಲು ಏನೋ ಸ್ಪ್ರೇ ಹೊಡೆದರು, ಆಮೇಲೆ ಐಡ್ಲಿಂಗ್ ಸ್ವಲ್ಪ ಏರಿಸಿ ಕೊಟ್ಟರು. ಹದಿನೈದು ದಿನ ಸರಿ ಇತ್ತು. ಮತ್ತೆ ಹೋದಾಗ ಐಡ್ಲಿಂಗ್ ವಾಲ್ವ್ ಹೋಗಿದೆ ಅಂತ ಹೊಸದು ಹಾಕಿದರು. ವಾಲ್ವ್‌ಗೆ 2,800, ಕೂಲಿ 500.

ಕಳೆದ ಗುರುವಾರ ಘಾಟಿ ಇಳಿಯುತ್ತಿದ್ದೆವು. ಮಂಜು ತುಂಬಿತ್ತು, ಗ್ಲಾಸು ಮಸುಕಾಗುತ್ತೆ ಅಂತ ಎ.ಸಿ. ಹಾಕಿದ್ದೆ. ತಿರುವಿನಲ್ಲಿ ಗೇರ್ ಇಳಿಸಲು ಕ್ಲಚ್ ಒತ್ತಿದ ತಕ್ಷಣ ಎಂಜಿನ್ ನಿಂತಿತು. ಬ್ರೇಕು ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗಾಯಿತು. ಎದುರಿಗೆ ಮಿನಿ ಬಸ್ಸು ಹತ್ತಿ ಬರುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು ಗೋಡೆ ಕಡೆಗೆ ನಿಲ್ಲಿಸಿದೆ. ಅಮ್ಮ ಒಂದು ಮಾತೂ ಆಡಲಿಲ್ಲ, ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಮುಂದಿನ ತಪಾಸಣೆಗೆ ಹನ್ನೊಂದು ದಿನ ಇದೆ. ಹೊಸ ವಾಲ್ವ್ ಹಾಕಿದ ಮೇಲೂ ಹೀಗೇಕೆ? ಮನೆಯಲ್ಲಿ ಪಾನಾ ಸೆಟ್ಟು, ಒಂದು ಮಲ್ಟಿಮೀಟರ್ ಇದೆ. ಹೇಳಿಕೊಟ್ಟರೆ ನಾನೇ ಮಾಡಬಲ್ಲೆ.

ಹುಬ್ಬಳ್ಳಿ ಹುಡುಗ (ಸೋಮವಾರ ರಾತ್ರಿ)

ಸರ, ಮೊದಲ ಪ್ಲಗ್ ನೋಡ್ರಿ. ಮೂರು ಸಿಲಿಂಡರ್ ಗಾಡ್ಯಾಗ ಒಂದ ಪ್ಲಗ್ ಹೋದ್ರೂ ಇಡೀ ಗಾಡಿ ಅಲ್ಲಾಡತೈತಿ. ನಂದೂ ಹಿಂಗ ಆಗಿತ್ರಿ, ವಾಲ್ವ್ ಅಂತ ತಿಳಕೊಂಡಿದ್ದೆ, ಕಡೀಕ್ ನೋಡಿದ್ರ ಪ್ಲಗ್ ವೈರ್ ಒಡದಿತ್ತು.

ಪಾನಾ ಪೆಟ್ಟಿಗೆ (ಮಂಗಳವಾರ ಬೆಳಿಗ್ಗೆ)

ತುಂಗಾತೀರ ಅವರೇ, ಮೊದಲು ಒಂದು ಮಾತು. ಈ ತೊಂದರೆ ಸರಿಹೋಗುವವರೆಗೆ ಆ ಕಾರಲ್ಲಿ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ, ಬಾಡಿಗೆ ಗಾಡಿ ಮಾಡಿ. ಬ್ರೇಕ್ ಬೂಸ್ಟರ್‌ಗೆ ಶಕ್ತಿ ಬರುವುದು ಎಂಜಿನ್ ಎಳೆಯುವ ಗಾಳಿಯಿಂದ. ಎಂಜಿನ್ ನಿಂತ ಮೇಲೆ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟೇ ನಿರ್ವಾತ ಉಳಿದಿರುತ್ತೆ, ಆಮೇಲೆ ಪೂರ್ತಿ ಕಾಲಿನ ಬಲವೇ ಗತಿ. ಅಕಸ್ಮಾತ್ ಮತ್ತೆ ಹಾಗಾದರೆ ಪೆಡಲನ್ನು ಪಂಪ್ ಮಾಡಬೇಡಿ, ಒಂದೇ ಸಲ ಒತ್ತಿ ಹಿಡಿಯಿರಿ. ಗೇರ್‌ನಲ್ಲಿದ್ದರೆ ಕ್ಲಚ್ ಬಿಡಿ, ಚಕ್ರವೇ ಎಂಜಿನ್ ತಿರುಗಿಸುತ್ತೆ.

ಹುಬ್ಬಳ್ಳಿಯವರು ಹೇಳಿದ್ದು ತಪ್ಪಲ್ಲ, ಪ್ಲಗ್ ನೋಡುವುದು ಯಾವಾಗಲೂ ಒಳ್ಳೆಯದು. ಆದರೆ ಪ್ಲಗ್ ಮಿಸ್ಸಿಂಗ್ ಆದರೆ ಏರು ಹತ್ತುವಾಗ ಪಿಕಪ್ ಇರುವುದಿಲ್ಲ, ಲೋಡ್ ಮೇಲೇ ಎಳೆದಾಡುತ್ತೆ. ಇವರ ಗಾಡಿ ಕಾಲು ಎತ್ತಿದಾಗ ಮಾತ್ರ ಸಾಯುತ್ತಿದೆ. ಎಕ್ಸಲೇಟರ್ ಮೇಲೆ ಕಾಲಿದ್ದಾಗ ಚೆನ್ನಾಗಿದ್ದು, ಎತ್ತಿದರೆ ನಿಲ್ಲುತ್ತೆ ಅಂದರೆ ಹುಡುಕಬೇಕಾದ್ದು ಐಡ್ಲಿಂಗ್ ಗಾಳಿಯ ದಾರಿಯಲ್ಲಿ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ. ನನ್ನ ಕೈಗೆ ಬಂದ ಇಂಥ ಗಾಡಿಗಳಲ್ಲಿ ವಾಲ್ವ್ ನಿಜವಾಗಿ ಸತ್ತಿದ್ದು ಕಡಿಮೆ, ವಾಲ್ವ್‌ನ ದಾರಿ ಕಟ್ಟಿದ್ದೇ ಹೆಚ್ಚು.

ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಉಳಿದದ್ದು ಸುಲಭ. ಕಾಲು ಎತ್ತಿದಾಗ ಥ್ರಾಟಲ್ ಬಾಡಿಯ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಬಾಯಿಯ, ಒಳಗಿನ ತಟ್ಟೆ ಹೆಚ್ಚೂಕಡಿಮೆ ಮುಚ್ಚಿಕೊಳ್ಳುತ್ತೆ. ಆಗ ಎಂಜಿನ್ ಉಸಿರಾಡುವುದು ಪಕ್ಕದ ಒಂದು ಸಣ್ಣ ಕಾಲುವೆಯಿಂದ. ಆ ಕಾಲುವೆಯ ಬಾಯಿಗೆ ಇರುವ ತೂಬೇ ಈ ಐಡ್ಲಿಂಗ್ ವಾಲ್ವ್. ಸ್ಟೆಪರ್ ಮೋಟರ್ ಅದರ ಮೊನೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಮುಂದೆ ಸರಿಸುತ್ತೆ. ಎಂಜಿನ್ ತಣ್ಣಗಿದ್ದಾಗ ಹೆಚ್ಚು ತೆರೆಯುತ್ತೆ, ಬಿಸಿಯಾದ ಮೇಲೆ ಕಡಿಮೆ. ಎ.ಸಿ. ಹಾಕಿದಾಗ ಕಂಪ್ರೆಸರ್ ಹೊರೆ ಬೀಳುತ್ತೆ ಅಂತ ಇನ್ನಷ್ಟು ಗಾಳಿ ಬಿಡುತ್ತೆ. ಕಾಲು ಎತ್ತಿ ಇಳಿಜಾರಿನಲ್ಲಿ ಬರುವಾಗ ಕ್ಲಚ್ ಒತ್ತಿದರೆ ಆರ್‌ಪಿಎಂ ಧೊಪ್ಪನೆ ಬೀಳುತ್ತಲ್ಲ, ಅದನ್ನು ನೆಲಕ್ಕೆ ಬೀಳದ ಹಾಗೆ ಹಿಡಿಯುವುದೂ ಇದೇ ವಾಲ್ವ್. ನಿಮ್ಮ ಗಾಡಿಯಲ್ಲಿ ಹಿಡಿಯುವವರು ಯಾರೂ ಇರಲಿಲ್ಲ.

ಈಗ ನನಗೆ ಬೇಕಾದ್ದು ಒಂದೇ ಉತ್ತರ. "ಐಡ್ಲಿಂಗ್ ಏರಿಸಿ ಕೊಟ್ಟರು" ಅಂದಿರಲ್ಲ, ಯಾವ ಸ್ಕ್ರೂ ತಿರುಗಿಸಿದರು? ಎಕ್ಸಲೇಟರ್ ಕೇಬಲ್ ಬಂದು ಸೇರುವ ಕಡೆ, ತಟ್ಟೆಯ ಲಿವರ್ ಬಂದು ತಾಗುವ ಒಂದು ಸಣ್ಣ ಸ್ಕ್ರೂ ಇರುತ್ತೆ. ಕಂಪನಿಯಿಂದ ಬರುವಾಗ ಅದರ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ. ಆ ಬಣ್ಣ ಒಡೆದಿದೆಯಾ ನೋಡಿ ಹೇಳಿ.

ತುಂಗಾತೀರ (ಮಂಗಳವಾರ ಸಂಜೆ)

ಸಾರ್, ನೋಡಿದೆ. ಹಳದಿ ಬಣ್ಣ ಒಡೆದಿದೆ. ಸ್ಕ್ರೂ ತಲೆ ಹೊಳೆಯುತ್ತಿದೆ, ಇತ್ತೀಚೆಗೆ ತಿರುಗಿಸಿದ್ದು ಸ್ಪಷ್ಟ.

ಎಲೆಕ್ಟ್ರಾನಿಕ್ಸ್ ಮೇಷ್ಟ್ರು (ಮಂಗಳವಾರ ರಾತ್ರಿ)

ಪಾನಾ ಪೆಟ್ಟಿಗೆಯವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಆ ಸ್ಕ್ರೂ ಏಕೆ ಮುಟ್ಟಬಾರದು ಅಂತ ನಾನು ವಿವರಿಸುತ್ತೇನೆ, ಪಾಲಿಟೆಕ್ನಿಕ್‌ನಲ್ಲಿ ಪ್ರತಿ ವರ್ಷ ಇದನ್ನೇ ಪಾಠ ಮಾಡುತ್ತೇನೆ.

ತಟ್ಟೆಯ ಅಕ್ಷದ ಇನ್ನೊಂದು ತುದಿಗೆ ಥ್ರಾಟಲ್ ಪೊಸಿಷನ್ ಸೆನ್ಸರ್ ಇದೆ. ಚಾಲಕ ಕಾಲು ಎತ್ತಿದ್ದಾನೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ತಿಳಿಯುವುದು ಆ ಸೆನ್ಸರ್ ಕೊಡುವ ವೋಲ್ಟೇಜಿನಿಂದ. ಐದು ವೋಲ್ಟ್ ಪೂರೈಕೆಯ ಸೆನ್ಸರ್‌ಗಳಲ್ಲಿ ತಟ್ಟೆ ಮುಚ್ಚಿದಾಗ ಅರ್ಧ ವೋಲ್ಟ್ ಆಸುಪಾಸು ಬರುವುದು ಸಾಮಾನ್ಯ, ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತೆ. ಸ್ಕ್ರೂ ಒಳಗೆ ತಿರುಗಿಸಿ ತಟ್ಟೆಯನ್ನು ತುಸು ತೆರೆದಿಟ್ಟರೆ ಆ ವೋಲ್ಟೇಜ್ ಏರುತ್ತೆ. "ಕಾಲು ಪೆಡಲ್ ಮೇಲಿದೆ" ಅಂದುಕೊಂಡ ಇಸಿಯು ಐಡ್ಲಿಂಗ್ ನಿಯಂತ್ರಣವನ್ನೇ ಕೈಬಿಡುತ್ತೆ. ಆಮೇಲೆ ನೀವು ಚಿನ್ನದ ವಾಲ್ವ್ ಹಾಕಿದರೂ ಅದಕ್ಕೆ ಆಜ್ಞೆಯೇ ಬರುವುದಿಲ್ಲ. ಸುಮ್ಮನೆ ನಿಂತಾಗ ಆರ್‌ಪಿಎಂ ಸೂಜಿ 1000 ತೋರಿಸುತ್ತೆ, ಎಲ್ಲ ಸರಿಯಾದ ಹಾಗೆ ಕಾಣುತ್ತೆ. ಎ.ಸಿ. ಬಿದ್ದಾಗ, ಕ್ಲಚ್ ಒತ್ತಿದಾಗ ಎತ್ತಿಹಿಡಿಯುವವರಿಲ್ಲ.

ಮಲ್ಟಿಮೀಟರ್ ಇದೆ ಅಂದಿರಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಆ ಸೆನ್ಸರ್‌ನ ಸಿಗ್ನಲ್ ವೈರ್‌ಗೂ ನೆಗೆಟಿವ್‌ಗೂ ನಡುವೆ ಎಷ್ಟು ಬರುತ್ತೆ ಅಳೆಯಿರಿ. ಪೆಡಲನ್ನು ನಿಧಾನ ಒತ್ತಿಸಿ. ವೋಲ್ಟೇಜ್ ಎಲ್ಲೂ ಜಿಗಿಯದೆ ಸಮವಾಗಿ ಏರಬೇಕು.

ನಾಗರಬಾವಿ ಟೀಚರ್ (ಬುಧವಾರ)

ಮಧ್ಯೆ ಬಂದೆ, ಕ್ಷಮಿಸಿ. ನನ್ನದು 2015ರ ಕಾರು, ಎಕ್ಸಲೇಟರ್ ಕೇಬಲ್ಲೇ ಇಲ್ಲ, ವೈರ್ ಮಾತ್ರ. ಸರ್ವಿಸ್‌ನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ ದಿನದಿಂದ ಐಡ್ಲಿಂಗ್ 1500ಕ್ಕೆ ಹೋಗಿದೆ. ಇದಕ್ಕೂ ವಾಲ್ವ್ ಬದಲಿಸಬೇಕಾ?

ಪಾನಾ ಪೆಟ್ಟಿಗೆ (ಬುಧವಾರ)

ಇಲ್ಲಮ್ಮ, ಬೇಡ. ನಿಮ್ಮ ಕಾರಲ್ಲಿ ಪ್ರತ್ಯೇಕ ಐಡ್ಲಿಂಗ್ ವಾಲ್ವ್ ಇರುವುದಿಲ್ಲ. ದೊಡ್ಡ ತಟ್ಟೆಯನ್ನೇ ಮೋಟರ್ ಕೂದಲೆಳೆಯಷ್ಟು ತೆರೆದು ಐಡ್ಲಿಂಗ್ ಹಿಡಿಯುತ್ತೆ. ವರ್ಷಗಟ್ಟಲೆ ಮಸಿ ಕೂತಾಗ ಇಸಿಯು ಅದಕ್ಕೆ ಹೊಂದಿಕೊಂಡು ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆಯುವುದನ್ನು ಕಲಿತಿರುತ್ತೆ. ಈಗ ಮಸಿ ಹೋಯ್ತು, ಅಭ್ಯಾಸ ಹೋಗಿಲ್ಲ. ಸ್ಕ್ಯಾನರ್ ಇರುವವರ ಹತ್ತಿರ ಥ್ರಾಟಲ್ ರೀಲರ್ನ್ (ಇಸಿಯುಗೆ ಹೊಸದಾಗಿ ಕಲಿಸುವುದು) ಮಾಡಿಸಿ, ಹತ್ತು ನಿಮಿಷದ ಕೆಲಸ. ಕ್ಲೀನ್ ಮಾಡಿದವರೇ ಮಾಡಿ ಕೊಡಬೇಕಿತ್ತು, ಅಲ್ಲಿಗೇ ಹೋಗಿ ಕೇಳಿ. ಕೀ ಆನ್ ಇದ್ದಾಗ ಆ ತಟ್ಟೆಯನ್ನು ಬೆರಳಿನಿಂದ ತಳ್ಳಲು ಮಾತ್ರ ಯಾರಿಗೂ ಬಿಡಬೇಡಿ. ಮೋಟರ್ ಹಠಾತ್ತನೆ ಮುಚ್ಚಿದರೆ ಬೆರಳೂ ಹೋದೀತು, ಒಳಗಿನ ಪ್ಲಾಸ್ಟಿಕ್ ಗೇರೂ ಹೋದೀತು.

ಕರಾವಳಿ ಡೀಸೆಲ್ (ಬುಧವಾರ)

ಮಾರಾಯ್ರೇ, ನಂದು ಡೀಸೆಲ್. ಐಡ್ಲಿಂಗ್‌ನಲ್ಲಿ ಕರಿ ಹೊಗೆ, ಪಿಕಪ್ ಇಲ್ಲ. ಇದೇ ವಾಲ್ವಾ?

ಪಾನಾ ಪೆಟ್ಟಿಗೆ (ಬುಧವಾರ)

ಅಲ್ಲ. ಡೀಸೆಲ್‌ನಲ್ಲಿ ಐಡ್ಲಿಂಗ್ ನಿಯಂತ್ರಣ ಆಗುವುದು ಗಾಳಿಯಿಂದಲ್ಲ, ಇಂಜೆಕ್ಟರ್ ಬಿಡುವ ಡೀಸೆಲ್ ಪ್ರಮಾಣದಿಂದ. ನೀವು ಇಜಿಆರ್ ವಾಲ್ವ್ (ಹೊಗೆಯನ್ನು ಸ್ವಲ್ಪ ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ತೆರೆದೇ ಕಚ್ಚಿಕೊಂಡಿದೆಯಾ, ಟರ್ಬೊ ಪೈಪ್ ಹರಿದಿದೆಯಾ ನೋಡಿಸಿ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರುತ್ತೇನೆ.

ತುಂಗಾತೀರ (ಬುಧವಾರ ರಾತ್ರಿ)

ಮೇಷ್ಟ್ರೇ, ಅಳೆದೆ. ಕಾಲು ಎತ್ತಿದಾಗ 0.86 ವೋಲ್ಟ್. ಪೆಡಲ್ ಒತ್ತಿದಂತೆ ಸಮವಾಗಿ ಏರುತ್ತೆ, ಎಲ್ಲೂ ಜಿಗಿಯಲಿಲ್ಲ.

ಗ್ಯಾರೇಜ್‌ನವರು ಕೊಟ್ಟ ಹಳೆ ವಾಲ್ವ್ ಇನ್ನೂ ಡಿಕ್ಕಿಯಲ್ಲೇ ಇದೆ. ನಾಲ್ಕು ಪಿನ್. ಅದನ್ನೂ ಅಳೆಯಬಹುದಾ?

ಎಲೆಕ್ಟ್ರಾನಿಕ್ಸ್ ಮೇಷ್ಟ್ರು (ಬುಧವಾರ ರಾತ್ರಿ)

0.86 ಅಂದರೆ ತಟ್ಟೆ ತೆರೆದೇ ನಿಂತಿದೆ, ಸೆನ್ಸರ್ ಮಾತ್ರ ಆರೋಗ್ಯವಾಗಿದೆ.

ಹಳೆ ವಾಲ್ವನ್ನು ಖಂಡಿತ ಅಳೆಯಿರಿ. ನಾಲ್ಕು ಪಿನ್ ಅಂದರೆ ಒಳಗೆ ಎರಡು ಕಾಯಿಲ್. ಮೀಟರನ್ನು ಓಮ್‌ಗೆ ಇಟ್ಟು ಯಾವ ಎರಡೆರಡು ಪಿನ್ ಜೋಡಿ ಅಂತ ಹುಡುಕಿ. ಎರಡೂ ಜೋಡಿ ಹೆಚ್ಚೂಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಜೋಡಿ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್. ಯಾವ ಪಿನ್ನಿಗೂ ವಾಲ್ವ್‌ನ ಲೋಹದ ಮೈಗೂ ನಡುವೆ ಏನೂ ಬರಬಾರದು.

ಸ್ಕ್ಯಾನರ್ ವಿಷಯ ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಒಬಿಡಿ-2 (ಸ್ಕ್ಯಾನರ್ ಸಿಕ್ಕಿಸಿ ದೋಷದ ಕೋಡ್ ಓದುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. 2007ರ ಗಾಡಿಗೆ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಮಾತಾಡದಿರುವ ಸಾಧ್ಯತೆಯೇ ಹೆಚ್ಚು. ಹೊಸ ಗಾಡಿಯವರಿಗೆ ಮಾತ್ರ ಅದು ಉಪಯೋಗ: ಪಿ0506 ಬಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ, ಪಿ0507 ಬಂದರೆ ಹೆಚ್ಚು. ಈ ಕೋಡ್‌ಗಳು "ವಾಲ್ವ್ ಹೋಗಿದೆ" ಅಂತ ಹೇಳುವುದಿಲ್ಲ, "ಐಡ್ಲಿಂಗ್ ನನ್ನ ಮಾತು ಕೇಳುತ್ತಿಲ್ಲ" ಅಂತ ಇಸಿಯು ದೂರುತ್ತಿದೆ, ಅಷ್ಟೇ.

ಪಾನಾ ಪೆಟ್ಟಿಗೆ (ಗುರುವಾರ ಬೆಳಿಗ್ಗೆ)

ಸರಿ, ಈಗ ಕೆಲಸಕ್ಕೆ ಇಳಿಯೋಣ. ಭಾನುವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಶುರು ಮಾಡಿ. ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೀ ಆಫ್ ಆದ ಮೇಲೆ ಎಷ್ಟೋ ಗಾಡಿಗಳಲ್ಲಿ ವಾಲ್ವ್ ತನ್ನ ಮೂಲ ಸ್ಥಾನಕ್ಕೆ ಹೋಗಿ ನಿಲ್ಲುತ್ತೆ, ಅದಕ್ಕೆ ಸಮಯ ಬೇಕು.

ಏರ್ ಫಿಲ್ಟರ್ ಪೈಪ್ ಕಳಚಿ, ಥ್ರಾಟಲ್ ಬಾಡಿ ಬಿಚ್ಚಿ ಹೊರಗೆ ತೆಗೆಯಿರಿ. ಗಾಡಿ ಮೇಲಿದ್ದಂತೆಯೇ ಸ್ಪ್ರೇ ಹೊಡೆದರೆ ಕಣ್ಣಿಗೆ ಕಾಣುವ ತಟ್ಟೆ ಫಳಫಳ ಹೊಳೆಯುತ್ತೆ, ಕಾಲುವೆಯೊಳಗಿನ ಗಟ್ಟಿ ಮಸಿ ಹಾಗೇ ಇರುತ್ತೆ. ನಿಮ್ಮ ಗಾಡಿಗೆ ಮೊದಲ ಸಲ ಆದದ್ದು ಅದೇ ಅಂತ ನನ್ನ ಅನುಮಾನ. ಥ್ರಾಟಲ್ ಬಾಡಿಗೆ ಕೂಲಂಟ್ ಪೈಪ್ ಬಂದಿದ್ದರೆ ಸ್ವಲ್ಪ ನೀರು ಹೋಗುತ್ತೆ, ಕೆಳಗೆ ಬಟ್ಟಲು ಇಡಿ, ಆಮೇಲೆ ಮತ್ತೆ ತುಂಬಿಸಿ.

ವಾಲ್ವ್ ಬಿಚ್ಚಿದ ಮೇಲೆ ಅದರ ಮೊನೆಯನ್ನು ಕೈಯಲ್ಲಿ ಒತ್ತುವುದು, ಎಳೆಯುವುದು ಮಾಡಬೇಡಿ, ಒಳಗಿನ ಸಣ್ಣ ಮರೆ (ಥ್ರೆಡ್) ಕೆಟ್ಟುಹೋಗುತ್ತೆ. ಹೊರಗಿಟ್ಟು ವೈರ್ ಸಿಕ್ಕಿಸಿ ಕೀ ಆನ್ ಮಾಡುವವರೂ ಇದ್ದಾರೆ, ಕೆಲವು ವಾಲ್ವ್‌ಗಳಲ್ಲಿ ಮೊನೆ ಹೊರಗೆ ಬಂದು ಬಿದ್ದೇ ಹೋಗುತ್ತೆ. ಮೊನೆ ಕೆಳಮುಖ ಮಾಡಿ ಹಿಡಿದು, ಬಟ್ಟೆಗೆ ಕಾರ್ಬ್ ಕ್ಲೀನರ್ ಹಚ್ಚಿ ಒರೆಸಿ. ಮೋಟರ್ ಒಳಗೆ ನೇರ ಸ್ಪ್ರೇ ಹೊಡೆದರೆ ಗ್ರೀಸ್ ತೊಳೆದು ಹೋಗಿ ಆರು ತಿಂಗಳಲ್ಲಿ ನಿಜವಾಗಿಯೂ ಸಾಯುತ್ತೆ. ಕಾಲುವೆಗೆ ಮಾತ್ರ ಧಾರಾಳವಾಗಿ ಹೊಡೆದು, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಈ ಕಡೆ ಬಾಯಿಂದ ಊದಿದರೆ ಆ ಕಡೆ ಸರಾಗವಾಗಿ ಬರಬೇಕು.

ಆಮೇಲೆ ಸ್ಕ್ರೂ. ಎಲ್ಲ ಜೋಡಿಸಿ, ಬ್ಯಾಟರಿಯ ನೆಗೆಟಿವ್ ಮತ್ತೆ ಹಾಕಿ, ಕೀ ಆನ್ ಮಾಡಿ, ಸೆನ್ಸರ್‌ಗೆ ಮೀಟರ್ ಸಿಕ್ಕಿಸಿಕೊಂಡೇ ನಿಧಾನ ಹೊರಗೆ ತಿರುಗಿಸಿ. ತಟ್ಟೆ ಪೂರ್ತಿ ಮುಚ್ಚಿ ಗೋಡೆಗೆ ಕಚ್ಚಿಕೊಳ್ಳುವ ಮೊದಲು, ಪುಸ್ತಕದ ಅಂಕಿಗೆ ಬಂದಾಗ ನಿಲ್ಲಿಸಿ. ಉಗುರು ಬಣ್ಣದ ಒಂದು ಹನಿ ಹಾಕಿ ಗುರುತು ಮಾಡಿಬಿಡಿ, ಮುಂದೆ ಯಾರಾದರೂ ಮುಟ್ಟಿದರೆ ಗೊತ್ತಾಗುತ್ತೆ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಹಳೆಯದಕ್ಕೆ ಪೇಸ್ಟ್ ಬಳಿದು ಕೂರಿಸುವ ಆಸೆ ಬೇಡ.

ಮಸ್ಕತ್ ಕನ್ನಡಿಗ (ಶುಕ್ರವಾರ)

ಪಾನಾ ಪೆಟ್ಟಿಗೆ ಅಣ್ಣ ಕೂಲಂಟ್ ಮಾತು ಎತ್ತಿದ್ದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಇಲ್ಲಿ ನನ್ನ ಹತ್ತಿರ ಹಳೆಯ ಜಪಾನಿ ಸೆಡಾನ್ ಇದೆ. ಬಿಸಿಯಾದ ಮೇಲೂ ಐಡ್ಲಿಂಗ್ ಏರಿಳಿಯುತ್ತಿತ್ತು. ಕೊನೆಗೆ ಕಾರಣ ರೇಡಿಯೇಟರ್‌ನಲ್ಲಿ ನೀರು ಕಡಿಮೆ ಇದ್ದದ್ದು. ಅದರಲ್ಲಿ ತಣ್ಣಗಿದ್ದಾಗ ಹೆಚ್ಚುವರಿ ಗಾಳಿ ಬಿಡುವ ಮೇಣದ ವಾಲ್ವ್ ಬೇರೆ ಇದೆ, ಕೂಲಂಟ್ ಬಿಸಿ ತಾಗಿದರೆ ಅದು ಮುಚ್ಚಬೇಕು. ನೀರು ಕಡಿಮೆಯಾಗಿ ಗಾಳಿಗುಳ್ಳೆ ಸೇರಿಕೊಂಡಿತ್ತು, ಬಿಸಿಯೇ ತಾಗುತ್ತಿರಲಿಲ್ಲ. ನೀರು ತುಂಬಿ ಗಾಳಿ ತೆಗೆದ ಮೇಲೆ ಸರಿಹೋಯ್ತು. ಕೂಲಂಟ್ ತುಂಬಿದ ಮೇಲೆ ಗಾಳಿ ತೆಗೆಯುವುದನ್ನು ಮರೆಯಬೇಡಿ.

ತುಂಗಾತೀರ (ಭಾನುವಾರ ಮಧ್ಯಾಹ್ನ)

ಮಾಡಿದೆ. ಆದರೆ ಮನಸ್ಸು ಕುಗ್ಗಿದೆ.

ಕಾಲುವೆಯೊಳಗೆ ಪೆನ್ಸಿಲ್ ಕೂಡ ಹೋಗದಷ್ಟು ಮಸಿ ಕಟ್ಟಿತ್ತು. ಹೊಸ ವಾಲ್ವ್ ಹಾಕುವಾಗ ಅದನ್ನು ನೋಡಿಯೂ ಹಾಗೇ ಮುಚ್ಚಿದ್ದಾರೆ ಅನ್ನುವುದೇ ಬೇಸರ. ಎಲ್ಲ ತೆಗೆದು ತೊಳೆದೆ. ಸ್ಕ್ರೂ ಹಿಂದಕ್ಕೆ ತಂದು 0.52ಕ್ಕೆ ನಿಲ್ಲಿಸಿದೆ. ಹೊಸ ಗ್ಯಾಸ್ಕೆಟ್ ಹಾಕಿದೆ. ಕೂಲಂಟ್ ಗಾಳಿಯನ್ನೂ ತೆಗೆದೆ.

ಸ್ಟಾರ್ಟ್ ಮಾಡಿದರೆ ಬಿಸಿಯಾಗುವವರೆಗೆ ಸರಿ ಇತ್ತು. ಬಿಸಿಯಾದ ಮೇಲೆ ಸೂಜಿ 1900ಕ್ಕೆ ಏರುತ್ತೆ, 1200ಕ್ಕೆ ಬೀಳುತ್ತೆ, ಮತ್ತೆ ಏರುತ್ತೆ. ಉಸಿರು ಕಟ್ಟಿದವರ ಹಾಗೆ. ಮೊದಲು ಹೀಗಿರಲಿಲ್ಲ. ನಾನೇ ಏನಾದರೂ ಕೆಡಿಸಿದೆನಾ?

ಪಾನಾ ಪೆಟ್ಟಿಗೆ (ಭಾನುವಾರ ಮಧ್ಯಾಹ್ನ)

ಕುಗ್ಗಬೇಡಿ, ಗಾಡಿ ಈಗ ನಿಮಗೆ ಉತ್ತರ ಹೇಳುತ್ತಿದೆ. ಮೊದಲು ಗಾಳಿ ಸಾಲುತ್ತಿರಲಿಲ್ಲ, ಈಗ ಹೆಚ್ಚಾಗಿದೆ. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ.

ಏರ್ ಪೈಪ್ ಕಳಚಿ ಎಂಜಿನ್ ಓಡಲಿ. ಥ್ರಾಟಲ್ ಬಾಡಿಯ ಬಾಯಲ್ಲಿ, ತಟ್ಟೆಗಿಂತ ಮುಂಚೆ, ಗೋಡೆಯಲ್ಲಿ ಕಾಲುವೆಯ ತೂತು ಕಾಣುತ್ತೆ. ಅದಕ್ಕೆ ಬೆರಳು ಒತ್ತಿ. ಬಟ್ಟೆ, ಕಾಗದ ಹತ್ತಿರ ತರಬೇಡಿ, ಒಳಗೆ ಎಳೆದುಕೊಂಡೀತು, ಅಂಗಿಯ ತೋಳು ಬೆಲ್ಟಿನಿಂದ ದೂರ ಇರಲಿ. ಬೆರಳಿಟ್ಟಾಗ ಆರ್‌ಪಿಎಂ ಬಿದ್ದರೆ ಗಾಳಿ ವಾಲ್ವ್‌ನ ದಾರಿಯಿಂದಲೇ ಬರುತ್ತಿದೆ, ವಾಲ್ವ್ ತೆರೆದು ಕಚ್ಚಿಕೊಂಡಿದೆ. ಏನೂ ಬದಲಾಗದಿದ್ದರೆ ವಾಲ್ವ್ ತನ್ನ ಕೈಲಾದಷ್ಟು ಮುಚ್ಚಿಕೊಂಡು ಕೂತಿದೆ, ಗಾಳಿ ಬೇರೆ ಕಡೆಯಿಂದ ಬರುತ್ತಿದೆ.

ಎಲೆಕ್ಟ್ರಾನಿಕ್ಸ್ ಮೇಷ್ಟ್ರು (ಭಾನುವಾರ ಮಧ್ಯಾಹ್ನ)

ಸೂಜಿ ಏರಿಳಿಯುವುದಕ್ಕೂ ಕಾರಣ ಇದೆ. ತಟ್ಟೆ ಮುಚ್ಚಿದೆ ಅಂತ ಈಗ ಇಸಿಯುಗೆ ಸರಿಯಾಗಿ ಗೊತ್ತು. ತಟ್ಟೆ ಮುಚ್ಚಿದ್ದರೂ ಆರ್‌ಪಿಎಂ ಒಂದು ಮಿತಿ ದಾಟಿದರೆ, ಗಾಡಿ ಇಳಿಜಾರಿನಲ್ಲಿದೆ ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತೆ. ಬೀಳುತ್ತಿದ್ದಂತೆ ಮತ್ತೆ ಕೊಡುತ್ತೆ. ನಿಮಗೆ ಕಾಣುತ್ತಿರುವುದು ಆ ಆಟ. ನಿಮ್ಮದು ಮ್ಯಾಪ್ ಸೆನ್ಸರ್ ಗಾಡಿ, ಒಳಗಿನ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತೆ. ಹಾಗಾಗಿ ಕಳ್ಳಗಾಳಿಗೂ ಸರಿಯಾಗಿ ಪೆಟ್ರೋಲ್ ಬೆರೆಸಿ ಆರ್‌ಪಿಎಂ ಏರಿಸುತ್ತೆ. ಒಳಬರುವ ಗಾಳಿಯನ್ನೇ ಅಳೆಯುವ ಮಾಫ್ ಸೆನ್ಸರ್ ಗಾಡಿಗಳಲ್ಲಿ ಇದೇ ತೂತಿಗೆ ಮಿಶ್ರಣ ತೆಳುವಾಗಿ ಪಿ0171 ಕೋಡ್ ಬಂದು ನಡುಗುತ್ತೆ.

ತುಂಗಾತೀರ (ಭಾನುವಾರ ಸಂಜೆ)

ಬೆರಳಿಟ್ಟೆ. ಏನೂ ಬದಲಾಗಲಿಲ್ಲ!

ಪಾನಾ ಪೆಟ್ಟಿಗೆ (ಭಾನುವಾರ ಸಂಜೆ)

ಹಾಗಾದರೆ ವಾಲ್ವ್ ನಿರ್ದೋಷಿ. ಮ್ಯಾನಿಫೋಲ್ಡ್‌ಗೆ (ಥ್ರಾಟಲ್ ಬಾಡಿಯಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಬರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಸ್ ಪ್ಲೈಯರ್‌ಗೆ ಬಟ್ಟೆ ಸುತ್ತಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಐಡ್ಲಿಂಗ್ ಇಳಿಯುತ್ತೋ ಆ ದಾರಿಯಲ್ಲಿ ಹುಡುಕಿ. ಗ್ಯಾಸ್ಕೆಟ್ ಅಂಚಿಗೆ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ, ಪ್ಲಗ್ ವೈರ್ ಕಡೆಗೆ ಬೇಡ. ಬಿಸಿ ಸೈಲೆನ್ಸರ್ ಪಕ್ಕ ಕಾರ್ಬ್ ಕ್ಲೀನರ್ ಹೊಡೆದು ಹುಡುಕುವ ವಿಧಾನ ನಾನು ಯಾರಿಗೂ ಹೇಳುವುದಿಲ್ಲ, ಬೆಂಕಿ ಹತ್ತಿದ್ದು ಕಣ್ಣಾರೆ ಕಂಡಿದ್ದೇನೆ. ಎಂಜಿನ್ ಒಳಗಿನ ಎಣ್ಣೆ ಹಬೆಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಪೈಪಿನ ಕೆಳಮೈಯನ್ನು ಕನ್ನಡಿ ಹಿಡಿದು ನೋಡಿ. ಎಣ್ಣೆ ಹಬೆ ಕುಡಿದು ಗಟ್ಟಿಯಾದ ರಬ್ಬರ್, ಕಿತ್ತು ಹಾಕುವಾಗ ಸೀಳುತ್ತೆ.

ತುಂಗಾತೀರ (ಸೋಮವಾರ ಸಂಜೆ)

ಸಿಕ್ಕಿತು ಸಾರ್! ಪಿಸಿವಿ ಪೈಪ್ ಒತ್ತಿ ಹಿಡಿದ ಕೂಡಲೇ ಸೂಜಿ ಇಳಿದು ನಿಂತಿತು. ಬಿಚ್ಚಿ ನೋಡಿದರೆ ಮೊಣಕೈ ತಿರುವಿನ ಕೆಳಗೆ ಎರಡು ಬೆರಳಗಲ ಸೀಳು. ಮೇಲಿನಿಂದ ಹೊಸದರ ಹಾಗೇ ಇತ್ತು. ಶಿವಮೊಗ್ಗದಿಂದ ತರಿಸಿದೆ, 140 ರೂಪಾಯಿ, ಎರಡು ಕ್ಲಿಪ್ ಸೇರಿ.

ಈಗ ಬಿಸಿ ಎಂಜಿನ್ 850ಕ್ಕೆ ನಿಲ್ಲುತ್ತೆ. ಎ.ಸಿ. ಹಾಕಿದರೆ ಒಂದು ಕ್ಷಣ ತಗ್ಗಿ, ತಾನೇ 950ಕ್ಕೆ ಏರುತ್ತೆ. ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ ನೋಡಿದೆ, ಅಲ್ಲಾಡಲಿಲ್ಲ.

ಹುಬ್ಬಳ್ಳಿ ಹುಡುಗ (ಸೋಮವಾರ ರಾತ್ರಿ)

ಭಾಳ ಖುಷಿ ಆತ್ ಸರ. ನಾನೂ ನಂ ಗಾಡಿ ಪಿಸಿವಿ ಪೈಪ್ ನೋಡ್ತೀನ್ರಿ.

ಪಾನಾ ಪೆಟ್ಟಿಗೆ (ಸೋಮವಾರ ರಾತ್ರಿ)

ಒಳ್ಳೆಯದಾಯ್ತು. ಅಮ್ಮನನ್ನು ಕೂರಿಸುವ ಮೊದಲು ಒಬ್ಬರೇ ಒಂದು ಸಲ ಘಾಟಿ ಇಳಿದು ಹತ್ತಿ ಬನ್ನಿ, ಎ.ಸಿ. ಹಾಕಿಕೊಂಡೇ. ಪ್ರತಿ ತಿರುವಿನಲ್ಲೂ ಕ್ಲಚ್ ಒತ್ತಿ ನೋಡಿ.

ತುಂಗಾತೀರ (ಶನಿವಾರ)

ಬುಧವಾರ ಒಬ್ಬನೇ ಸೋಮೇಶ್ವರದವರೆಗೆ ಇಳಿದು ವಾಪಸ್ ಹತ್ತಿದೆ. ಹದಿನಾಲ್ಕು ತಿರುವಿನಲ್ಲಿ ಒಂದರಲ್ಲೂ ಸೂಜಿ 800ಕ್ಕಿಂತ ಕೆಳಗೆ ಬರಲಿಲ್ಲ. ನಿನ್ನೆ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದೆ. ಘಾಟಿಯಲ್ಲಿ ಮೊನ್ನೆಗಿಂತ ಹೆಚ್ಚು ಮಂಜಿತ್ತು. ಅರ್ಧ ದಾರಿಯಲ್ಲಿ ಅಮ್ಮ ನಿದ್ದೆ ಹೋದರು.

ಮೇಷ್ಟ್ರೇ, ಹಳೆ ವಾಲ್ವ್‌ನ ಎರಡೂ ಕಾಯಿಲ್ ಅಳೆದೆ, ಎರಡರದ್ದೂ ಒಂದೇ ಅಂಕಿ, ಮೈಗೆ ಏನೂ ಇಲ್ಲ. ಮೊನೆ ಒರೆಸಿ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಇದೇ ಥರದ ನಾಲ್ಕು ಪಿನ್ ವಾಲ್ವ್ ಬೇಕಾದವರು ಶಿವಮೊಗ್ಗ, ಕೊಪ್ಪ, ಶೃಂಗೇರಿ ಕಡೆ ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ, ದುಡ್ಡು ಬೇಡ. ಮೊದಲು ಕಾಲುವೆ ತೊಳೆದು, ಪೈಪ್ ನೋಡಿ, ಆಮೇಲೂ ಬೇಕಿದ್ದರೆ ಮಾತ್ರ.